ಬಾಗಿಲು ತಿರುಗುವ ಜಾಗ

ಪದ್ಮನಾಭ ಮೇಷ್ಟ್ರು ಆ ಸೋಮವಾರ ತರಗತಿಗೆ ಬಂದವರೇ ಎಲ್ಲರ ಲ್ಯಾಪ್‌ಟಾಪ್ ಮುಚ್ಚಿಸಿದರು. ಬೆಂಗಳೂರಿನ ಉಲ್ಲಾಳದ ಕಡೆಯ ಆ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಹುಡುಗರು ಅವರಿಗಿಟ್ಟ ಹೆಸರು ಪೆನ್ಸಿಲ್ ಪದ್ದಿ. ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸವನ್ನು ಮಕ್ಕಳ ಕೈಯಲ್ಲಿ ವಾರಗಟ್ಟಲೆ ಮಾಡಿಸುವುದೆಂದರೆ ಆ ಮನುಷ್ಯನಿಗೆ ಹಬ್ಬ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

"ಈ ಸಲ ದೇವಸ್ಥಾನ ಇಲ್ಲ, ಮಾರ್ಕೆಟ್ ಇಲ್ಲ," ಎಂದರು ಮೇಷ್ಟ್ರು. "ನೀವು ಇರೋ ಮನೇನ ಬರ್ಕೊಂಡು ಬನ್ನಿ. ಕೈಯಲ್ಲಿ. ಒಂದು ಪ್ಲಾನು, ನಾಲ್ಕು ಗೋಡೆ. ಆದ್ರೆ ಖಾಲಿ ಮನೆ ಬೇಡ ನಂಗೆ. ರಾತ್ರಿ ಎಲ್ರೂ ಮಲ್ಗಿರ್ತಾರಲ್ಲ, ಆ ಹೊತ್ತಿನ ಮನೆ ಬೇಕು. ಯಾರು ಎಲ್ಲಿ ಮಲಗ್ತಾರೆ, ಅವ್ರವ್ರ ಉದ್ದ ಎಷ್ಟು, ಎಲ್ಲಾ ಸ್ಕೇಲಿಗೆ ಸರಿಯಾಗಿ."

"ಸಾರ್, ಫೋನಲ್ಲಿ ಸ್ಕ್ಯಾನ್ ಮಾಡಿ ಅದ್ರ ಮೇಲೆ ಬರೀಬಹುದಾ?" ಮುಂದಿನ ಬೆಂಚಿನ ಅಮೂಲ್ಯಾ ಕೇಳಿದಳು.

"ಧಾರಾಳವಾಗಿ ಮಾಡಮ್ಮ. ಆಮೇಲೆ ಮಾರ್ಕ್ಸ್ ಕೂಡ ಫೋನಿಗೇ ಕೊಡ್ತೀನಿ."

ತರಗತಿಯೆಲ್ಲ ನಕ್ಕಿತು. ಸುವರ್ಣಾ ನಗಲಿಲ್ಲ. ಗಂಟೆ ಮುಗಿದು ಎಲ್ಲರೂ ಕ್ಯಾಂಟೀನಿಗೆ ಓಡಿದ ಮೇಲೆ ಅವಳು ಮೇಷ್ಟ್ರ ಹತ್ತಿರ ಹೋಗಿ ನಿಂತಳು.

"ಸಾರ್, ನಮ್ಮ ಅವ್ವ ತೀರಿಕೊಂಡು ಮೂರು ತಿಂಗಳಾತ್ರಿ. ಮನ್ಯಾಗ ಮೂರು ಮಂದಿ ಬರೀಲೋ, ನಾಲ್ಕು ಮಂದಿ ಬರೀಲೋ?"

ಸದಾ ಬೈಗುಳವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿರುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ನಿಂಗೆ ಯಾವ ಮನೆ ಬರೀಬೇಕು ಅನ್ಸುತ್ತೋ ಅದನ್ನ ಬರಿಯಮ್ಮ," ಎಂದರು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೇ ಸುವರ್ಣಾ ತೀರ್ಮಾನಿಸಿದಳು. ನಾಲ್ಕು ಮಂದಿ. ಅವ್ವನ ಫೋಟೊ ಎಂದು ಅವರ ಮನೆಯಲ್ಲಿ ಇದ್ದದ್ದು ಒಂದೇ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಯಾರೋ ಗದರಿಸಿ ಕೂರಿಸಿದ ಹಾಗಿದ್ದ ಆ ಮುಖವನ್ನು ನೋಡಿದಾಗಲೆಲ್ಲ ಸುವರ್ಣಾಳಿಗೆ ಸಂಕಟವಾಗುತ್ತಿತ್ತು, ಅದು ಅವಳ ಅವ್ವ ಭಾಗವ್ವನ ಮುಖವೇ ಅಲ್ಲ. ಅದೂ ಅಲ್ಲದೆ ಬರುವ ಭಾನುವಾರ ಅವರು ಮನೆ ಬದಲಾಯಿಸುವವರಿದ್ದರು. ಅಣ್ಣ ಹನುಮೇಶ ಉಲ್ಲಾಳದಲ್ಲಿ ಎರಡು ಕೋಣೆಯ ಮನೆ ಹುಡುಕಿದ್ದ. ಅವ್ವ ಬಾಳಿದ ಕೋಣೆ ಇನ್ನು ಒಂದು ವಾರವಷ್ಟೇ ತಮ್ಮದು. ಅಷ್ಟರೊಳಗೆ ಅವ್ವನನ್ನು ಅದೇ ಕೋಣೆಯಲ್ಲಿ, ಕಾಲು ಚಾಚಿ ನೆಮ್ಮದಿಯಾಗಿ ಮಲಗಿದ ಹಾಗೆ, ಒಂದು ಹಾಳೆಯ ಮೇಲೆ ಇರಿಸಿಬಿಡಬೇಕು. ಸುವರ್ಣಾಳಿಗೆ ಬೇಕಾಗಿದ್ದದ್ದು ಅಷ್ಟೇ.

ಹೆಗ್ಗನಹಳ್ಳಿಯಲ್ಲಿ ಲಿಂಗಮ್ಮನ ವಠಾರ ಎಂದರೆ ಆಟೊದವರಿಗೂ ಗೊತ್ತು. ಲಿಂಗಮ್ಮನ ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎದುರುಬದುರು ಸಾಲು ಕೋಣೆಗಳು, ನಡುವೆ ಒಂದು ಓಣಿ, ಓಣಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಕಕ್ಕಸು ಮತ್ತು ಬಚ್ಚಲು. ಬಾಗಲಕೋಟೆಯ ಕಡೆಯಿಂದ ಬಂದ ಮಡಿವಾಳಪ್ಪನ ಸಂಸಾರ ಸುವರ್ಣಾಳ ಹೈಸ್ಕೂಲಿನ ಕಾಲದಿಂದಲೂ ಇಲ್ಲಿನ ಮೂಲೆಯ ಕೋಣೆಯಲ್ಲೇ ಇತ್ತು. ಅಪ್ಪ ಮಡಿವಾಳಪ್ಪನದು ಗಾರೆ ಕೆಲಸ. ಹನುಮೇಶ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ, ಮನೆಗೆ ಬರುವಾಗ ಊರೆಲ್ಲ ಮಲಗಿರುತ್ತಿತ್ತು. ಭಾಗವ್ವ ಸುಂಕದಕಟ್ಟೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು, ಬೆಳಗಿನಿಂದ ಸಂಜೆಯವರೆಗೂ ನಿಂತೇ. ಕಾಲು ಬಾತುಕೊಳ್ಳುತ್ತಿದ್ದವು. ಕೊನೆಗೆ ಒಂದು ಬೆಳಗ್ಗೆ ಎದೆ ಹಿಡಿದುಕೊಂಡವಳು ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟಳು.

ಶುಕ್ರವಾರ ಕಾಲೇಜಿಗೆ ರಜೆ. ಅಪ್ಪ, ಅಣ್ಣ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸುವರ್ಣಾ ಟೇಪು ಹಿಡಿದು ಕೂತಳು. ಮೊದಲು ಗೋಡೆಗಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯಬೇಕು, ಇದು ಚೆಂದ ಅದು ಚೆಂದವಿಲ್ಲ ಎಂದು ಆರಿಸಕೂಡದು ಎನ್ನುವುದು ಪದ್ಮನಾಭ ಮೇಷ್ಟ್ರ ಕಟ್ಟಪ್ಪಣೆ. ಅವಳು ಕ್ಯಾಲೆಂಡರಿನ ಮೊಳೆ ಬರೆದಳು, ಸ್ವಿಚ್ ಬೋರ್ಡಿನ ಸುತ್ತ ಕೈ ತಾಗಿ ಕಪ್ಪಾದದ್ದನ್ನು ಬರೆದಳು, ಮಳೆಗಾಲದಲ್ಲಿ ತೇವ ಏರಿ ಸುಣ್ಣ ಉದುರಿದ ಜಾಗ ಬರೆದಳು. ಇಷ್ಟು ವರ್ಷ ಇದ್ದ ಕೋಣೆಯನ್ನು ಇಷ್ಟು ಹೊತ್ತು ಅವಳು ಯಾವತ್ತೂ ನೋಡಿರಲಿಲ್ಲ.

ಬಾಗಿಲ ಪಕ್ಕದ ಗೋಡೆ ಕೊನೆಗೆ ಉಳಿಯಿತು. ವಠಾರದ ಬಾಗಿಲುಗಳನ್ನು ಬೆಳಗ್ಗೆ ತೆರೆದರೆ ಮಲಗುವವರೆಗೂ ಮುಚ್ಚುವುದಿಲ್ಲ. ಇವರ ಬಾಗಿಲು ಒಳಕ್ಕೆ ತೆರೆದು ಆ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತು. ಗೋಡೆ ಬರೆಯಬೇಕಲ್ಲ ಎಂದು ಅವಳು ಹಗಲು ಹೊತ್ತಿನಲ್ಲೇ ಬಾಗಿಲು ಮುಚ್ಚಿದಳು. ಬಾಗಿಲ ಹಿಂದಿನ ಗೋಡೆಯ ಮೇಲೆ, ಅವಳ ಸೊಂಟಕ್ಕಿಂತ ಕೆಳಗೆ, ಅಂಗೈ ಅಗಲದ ಒಂದು ಕಪ್ಪು ಕಲೆ ಇತ್ತು. ಬೆರಳಿಟ್ಟರೆ ಜಿಡ್ಡು. ನೆಲದಿಂದ ಎಷ್ಟು ಎತ್ತರ ಎಂದು ಅಳೆದು, ಪೆನ್ಸಿಲ್ ಮಲಗಿಸಿ ಕಲೆಯ ಅಂಚನ್ನು ಮೆಲ್ಲಗೆ ತುಂಬಿದಳು.

ಅಷ್ಟರಲ್ಲಿ ಲಿಂಗಮ್ಮ ಬಾಗಿಲನ್ನು ಅರ್ಧ ತಳ್ಳಿ ಒಳಗೆ ಬಂದರು. ಖಾಲಿ ಮಾಡುವವರ ಮನೆಯನ್ನು ಮುಂಚಿತವಾಗಿ ಒಂದು ಸುತ್ತು ನೋಡಿಹೋಗುವುದು ಅವರ ಪದ್ಧತಿ.

"ಅಯ್ಯೋ, ಏನಮ್ಮಾ ಇದು! ಗೋಡೆಗೆಲ್ಲ ಎಣ್ಣೆ ಮೆತ್ತಿದೀರ? ನಿಮ್ಮಣ್ಣ ಹೆಲ್ಮೆಟ್ಟು ಗಿಲ್ಮೆಟ್ಟು ಒರಗಿಸ್ತಿದ್ನೇನೋ. ಹೋಗೋಕ್ ಮುಂಚೆ ಒಂದು ಕೋಟು ಬಣ್ಣ ಹೊಡ್ಸ್‌ಬಿಡೋಕೆ ಹೇಳು ನಿಮ್ಮಪ್ಪಂಗೆ."

"ಹೇಳ್ತೀನ್ರಿ ಆಂಟಿ," ಎಂದಳು ಸುವರ್ಣಾ. ಹೆಲ್ಮೆಟ್ಟೇ ಇರಬೇಕು ಎಂದು ಅವಳಿಗೂ ಅನ್ನಿಸಿತು.

ಮಧ್ಯಾಹ್ನ ಟೇಬಲ್ಲಿನ ಮುಂದೆ ಕೂತು ಪ್ಲಾನಿಗೆ ಕೈ ಹಾಕಿದಳು. ಮೇಲಿನಿಂದ ಚಾವಣಿ ತೆಗೆದು ನೋಡಿದರೆ ಕೋಣೆ ಹೇಗೆ ಕಾಣುತ್ತದೋ ಹಾಗೆ. ನಾಲ್ಕು ಗೋಡೆ, ಕಿಟಕಿ, ಒಲೆಯ ಕಟ್ಟೆ, ನೀರಿನ ಡ್ರಮ್ಮು, ಬೀರು, ಅವಳು ಕೂತಿದ್ದ ಡ್ರಾಯಿಂಗ್ ಟೇಬಲ್ಲು. ಮೂಲೆಯಲ್ಲಿ ಬಾಗಿಲು ಬರೆದು, ಅದು ತಿರುಗುವ ದಾರಿಯನ್ನು ಕಾಲು ವೃತ್ತದ ಗೆರೆಯಲ್ಲಿ ತೋರಿಸಿದಳು. ಆ ಗೆರೆಯ ಒಳಗೆ ಒಂದು ಚೆಂಬನ್ನೂ ಇಡಕೂಡದು, ಇಟ್ಟರೆ ಬಾಗಿಲು ತೆರೆಯುವುದಿಲ್ಲ. ಮೊದಲ ವರ್ಷ ಅಲ್ಲಿ ಒಂದು ಕುರ್ಚಿ ಬರೆದು ಪದ್ಮನಾಭ ಮೇಷ್ಟ್ರಿಂದ ಇಡೀ ತರಗತಿಯ ಎದುರು ಉಗಿಸಿಕೊಂಡಿದ್ದಳು.

ಆಮೇಲೆ ಮನುಷ್ಯರು. ಆಚೆ ಗೋಡೆಯ ಬದಿಗೆ ಅಪ್ಪ, ಒಂದು ತೋಳು ಕಣ್ಣಿನ ಮೇಲೆ. ಅವನ ಪಕ್ಕದಲ್ಲಿ ಮಗ್ಗುಲಾಗಿ ಹನುಮೇಶ. ಬೀರುವಿನ ಕಡೆ ತಲೆ ಹಾಕಿ ತಾನು. ಮೂರೂ ಜನರ ಮೇಲೆ ಅವ್ವ ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಗಳನ್ನು ಹೊದಿಸಿದಳು. ಅವ್ವನನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು, ಊಟದಲ್ಲಿ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವಂತೆ.

ಅವ್ವ ಕೋಣೆಯಲ್ಲಿ ಹಿಡಿಸಲಿಲ್ಲ.

ಒಲೆಯ ಕಡೆ ಮಲಗಿಸಿದರೆ ಕಾಲು ಸಿಲಿಂಡರಿಗೆ ತಾಗಿದವು. ತನ್ನ ಮತ್ತು ಅಣ್ಣನ ನಡುವೆ ಮಲಗಿಸಿದರೆ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಡ್ರಮ್ಮಿನ ಪಕ್ಕ ಸೊಂಟದವರೆಗೂ ಜಾಗವಿರಲಿಲ್ಲ. ಭಾಗವ್ವ ಎಷ್ಟೆಂದರೂ ಗಿಡ್ಡ ಹೆಂಗಸು, ಆದರೂ ಅವಳನ್ನು ಎಲ್ಲಿಟ್ಟರೂ ಒಂದಲ್ಲ ಒಂದು ಗೆರೆ ಅವಳನ್ನು ಕತ್ತರಿಸುತ್ತಿತ್ತು. ಅಳತೆ ತಪ್ಪಿದೆ ಎಂದುಕೊಂಡು ಸುವರ್ಣಾ ಎದ್ದು ಮತ್ತೆ ಟೇಪು ಹಿಡಿದಳು. ಬಂದದ್ದು ಅದೇ ಅಳತೆ. ತನ್ನ ಕೈಯ ಮೇಲಿನ ನಂಬಿಕೆಯೇ ಹೋಗಿ, ಅಮೂಲ್ಯಾಳಿಗೆ ಫೋನ್ ಮಾಡಿ ಆ ಸ್ಕ್ಯಾನ್ ಮಾಡುವ ಆ್ಯಪ್ ಕಳಿಸಿಕೊಂಡಳು. ಫೋನು ಹಿಡಿದು ಕೋಣೆಯ ನಡುವೆ ಒಂದು ಸುತ್ತು ತಿರುಗಿದ್ದೇ ತಡ, ಅಚ್ಚುಕಟ್ಟಾದ ಖಾಲಿ ಕೋಣೆಯೊಂದು ಪರದೆಯ ಮೇಲೆ ನಿಂತಿತು. ಅದರ ಅಳತೆಯೂ ಅವಳದೂ ಇಂಚು ಬಿಡದೆ ಒಂದೇ ಆಗಿತ್ತು. ಫೋನಿಗೇನು, ಅದರ ಕೋಣೆಯಲ್ಲಿ ಯಾರೂ ಮಲಗಬೇಕಾಗಿರಲಿಲ್ಲ.

ಹಾಗಾದರೆ ಅವ್ವ ಎಲ್ಲಿ ಮಲಗುತ್ತಿದ್ದಳು?

ಪೆನ್ಸಿಲ್ ಕೆಳಗಿಟ್ಟು ಸುವರ್ಣಾ ನೆನಪು ಮಾಡಿಕೊಳ್ಳಲು ನೋಡಿದಳು. "ನೀ ಮಲಕ್ಕೋ, ನಂದಿನ್ನ ಕೆಲಸ ಐತಿ," ಎನ್ನುತ್ತಿದ್ದ ಅವ್ವ ನೆನಪಾದಳು. ಬೆಳಗ್ಗೆ ಎದ್ದಾಗ ಸ್ನಾನ ಮಾಡಿ ಒಲೆಯ ಮುಂದೆ ನಿಂತಿರುತ್ತಿದ್ದ ಅವ್ವ ನೆನಪಾದಳು. ನಡುರಾತ್ರಿ ಓಣಿಯ ಕೊನೆಗೆ ಹೋಗಬೇಕೆಂದು ತಾನು ಎದ್ದರೆ ಅವ್ವ ಆಗಲೇ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ನಿನಗೆ ನಿದ್ದಿ ಹತ್ತೂದಿಲ್ಲೇನು ಎಂದು ಕೇಳಿದರೆ, "ನೀ ಎದ್ದದ್ದು ಕೇಳಿಸ್ತು," ಎನ್ನುತ್ತಿದ್ದಳು. ಅವ್ವನ ನಿದ್ದೆ ಹಗುರ ಎಂದು ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಈಗ ಯೋಚಿಸಿದರೆ, ಕೊನೆಯ ಎರಡು ವರ್ಷದಲ್ಲಿ ಅವ್ವ ಮಲಗಿದ್ದನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

ಊಟಕ್ಕೆ ಬಂದ ಹನುಮೇಶನನ್ನು ತಟ್ಟೆ ಇಡುವ ಮುಂಚೆಯೇ ಕೇಳಿದಳು.

"ಅಣ್ಣಾ, ಅವ್ವ ಎಲ್ಲಿ ಮಲಗ್ತಿದ್ಲೋ?"

"ನನ್ನ ಜಾಗದಾಗ." ಹನುಮೇಶ ಕೈ ತೊಳೆಯುತ್ತ ಹೇಳಿದ. "ನಾ ಬಂದು ಬಾಗಲಾ ಬಡದ್ರ ಎದ್ದು ತಗೀತಿದ್ಲು. ಹಾಸಿಗಿ ಬೆಚ್ಚಗ ಇರ್ತಿತ್ತು ನೋಡು. ಚಳ್ಯಾಗ ಬೈಕ್ ಹೊಡಕೊಂಡು ಬಂದವ, ಹಂಗ ಬಿದ್ದುಬಿಡ್ತಿದ್ದೆ."

"ನೀ ಬಿದ್ದ ಮ್ಯಾಲ ಅಕಿ ಎಲ್ಲಿ ಮಲಗ್ತಿದ್ಲು?"

ಅವನು ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿದ. "ನಾ ಕೇಳಲೇ ಇಲ್ಲವಾ," ಎಂದ. ಆಮೇಲೆ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಸಂಜೆ ಮಡಿವಾಳಪ್ಪ ಬಂದು, ಕೈಕಾಲಿಗೆ ಮೆತ್ತಿದ್ದ ಸಿಮೆಂಟು ತೊಳೆದು, ಚಹಾ ಹಿಡಿದು ಕೂತ. ಸುವರ್ಣಾ ಹಾಳೆಯನ್ನು ಅವನ ಮುಂದೆ ನೆಲದ ಮೇಲೆ ಹಾಸಿ, ಇದು ನೀನು, ಇದು ಅಣ್ಣ, ಇದು ನಾನು ಎಂದು ಬೆರಳಿಟ್ಟು ತೋರಿಸಿದಳು.

"ಅವ್ವನ್ನ ಎಲ್ಲಿ ಬರೀಲಿ ಅಪ್ಪಾ? ಜಾಗಾನ ಸಾಲವಲ್ದು."

ಮಡಿವಾಳಪ್ಪ ಬಹಳ ಹೊತ್ತು ಹಾಳೆ ನೋಡಿದ. ಚಹಾದ ಲೋಟ ಪಕ್ಕಕ್ಕೆ ಸರಿಸಿದ.

"ಆ ಬಾಗಲಾ ಹಾಕು," ಎಂದ.

ಅವಳು ಎದ್ದು ಬಾಗಿಲು ಮುಚ್ಚಿದಳು. ಅಪ್ಪ ಗೋಡೆಯ ಮೇಲಿನ ಎಣ್ಣೆ ಕಲೆಯ ಕಡೆಗೆ ಕೈ ತೋರಿಸಿದ. "ಅಲ್ಲಿ."

"ಕುಂತಕೊಂಡಾ?"

"ಹೂಂ. ಗ್ವಾಡಿಗೆ ತಲಿ ಆನಿಸಿ."

"ಯಾವಾಗಿಂದ ಅಪ್ಪಾ?"

ಮಡಿವಾಳಪ್ಪ ಡ್ರಾಯಿಂಗ್ ಟೇಬಲ್ಲಿನ ಕಡೆ ನೋಡಿ ತಲೆ ತಗ್ಗಿಸಿದ. "ಅದು ಬಂದಾಗಿಂದ," ಎಂದ.

ಮೊದಲ ವರ್ಷ ಸುವರ್ಣಾ ಡ್ರಾಯಿಂಗ್ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದಳು. ಗೆರೆ ಸೊಟ್ಟಗಾಗಿ ಹಾಳೆ ವಾಪಸ್ಸು ಬಂದಾಗ ಅತ್ತಿದ್ದಳು. ಅದನ್ನು ನೋಡಲಾರದೆ ಭಾಗವ್ವ ಗಾರ್ಮೆಂಟ್ಸ್‌ನಲ್ಲಿ ಅವರಿವರನ್ನು ವಿಚಾರಿಸಿ, ರಾಜಾಜಿನಗರದ ಯಾವುದೋ ಕಚೇರಿಯವರು ಕಂಪ್ಯೂಟರ್ ಬಂತೆಂದು ಮೂಲೆಗೆ ತಳ್ಳಿದ್ದ ಈ ಟೇಬಲ್ಲನ್ನು ಹುಡುಕಿ ತಂದಿದ್ದಳು. ಲಗೇಜ್ ಆಟೊದಲ್ಲಿ ಬಂದ ಅದು ಬಾಗಿಲಲ್ಲಿ ಹಿಡಿಸದೆ ಕಾಲು ಬಿಚ್ಚಿ ಒಳಗೆ ತರಬೇಕಾಯಿತು. ಎಲ್ಲಿಡುವುದು ಎಂದು ಗಂಡಸರು ತಲೆ ಕೆರೆದುಕೊಳ್ಳುತ್ತಿದ್ದಾಗ ಜಾಗ ತೋರಿಸಿದವಳೂ ಅವ್ವನೇ. "ಇಲ್ಲಿ ಇಡ್ರಿ, ಕಿಟಕಿ ಬೆಳಕು ಬೀಳ್ತೈತಿ." ಅದು ಅವ್ವ ಹಾಸಿಗೆ ಹಾಸಿಕೊಳ್ಳುತ್ತಿದ್ದ ಜಾಗ. ಅದನ್ನೂ ಸುವರ್ಣಾ ಮರೆತುಬಿಟ್ಟಿದ್ದಳು. ಟೇಬಲ್ಲಿನ ಅಡಿಯಲ್ಲಿ ಅವಳು ರಟ್ಟಿನಿಂದ ಮಾಡಿದ ಮನೆಗಳ ಮಾದರಿಗಳು. "ಅವ್ವಾ, ಅವನ್ನ ಮುಟ್ಟಬ್ಯಾಡ, ಮುರಿತಾವ," ಎಂದು ದಿನಕ್ಕೊಮ್ಮೆ ಗದರುತ್ತಿದ್ದಳು.

"ನಾ ಕುಂದರ್ತೀನಿ, ನೀ ಮಲಗು ಅಂದ್ರ ಜಗಳಕ್ಕ ಬರ್ತಿದ್ಲು," ಮಡಿವಾಳಪ್ಪ ಗೋಡೆಗೇ ಹೇಳುವಂತೆ ಹೇಳಿದ. "ಇಟ್ಟಂಗಿ ಹೊರೋ ಬೆನ್ನು ನಿಂದು, ನೆಟ್ಟಗ ಮಲಗಲಿಲ್ಲಂದ್ರ ನಾಳಿ ಏಳೂದಿಲ್ಲ ಅಂತಿದ್ಲು. ಸುವರ್ಣಾಗ ಹೇಳಿದ್ರ ಟೇಬಲ್ಲು ಹೊರಗ ಹಾಕ್ತಾಳ, ಹೇಳಬ್ಯಾಡ್ರಿ ಅಂತ ಆಣಿ ಹಾಕಿಸಿದ್ಲು. ಅಕಿ ಓದು ಮುಗಿಯೂತನಾ ಅಷ್ಟ, ಕಣ್ಣು ಮುಚ್ಚಿ ತಗಿಯೂದ್ರಾಗ ವರ್ಷ ಹೋಗ್ತಾವ ಅಂತಿದ್ಲು."

ಸುವರ್ಣಾಳಿಗೆ ನೆನಪಾದದ್ದು ಆಸ್ಪತ್ರೆಯ ಒಂದು ಬೆಳಗು. ಬಾತ ಕಾಲನ್ನು ಒತ್ತಿ ನೋಡಿದ ಡಾಕ್ಟರು, ರಾತ್ರಿ ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗಬೇಕು ಎಂದಿದ್ದರು. "ಹೂಂನ್ರಿ," ಎಂದು ಅವ್ವ ಮಗುವಿನಂತೆ ತಲೆಯಾಡಿಸಿದ್ದಳು. ಪಕ್ಕದಲ್ಲೇ ನಿಂತಿದ್ದ ತಾನು, ಇವಳು ಹೇಳಿದ ಮಾತು ಕೇಳೂದಿಲ್ರಿ ಎಂದು ಡಾಕ್ಟರಿಗೆ ಚಾಡಿ ಹೇಳಿ ನಕ್ಕಿದ್ದಳು. ಕಲೆಯ ಮೇಲೆ ಕೈಯಿಟ್ಟು, ಅದೇ ಮೂಲೆಯಲ್ಲಿ ಕುಸಿದು, ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚಾಗಿ ಅತ್ತಳು. ಮಡಿವಾಳಪ್ಪ ಸಮಾಧಾನ ಮಾಡಲು ಹೋಗಲಿಲ್ಲ. ಅವನಿಗೂ ಸಮಾಧಾನ ಹೇಳುವವರು ಬೇಕಾಗಿತ್ತು.

ಮರುದಿನ ಬೆಳಗ್ಗೆ ಎದ್ದವಳೇ ಸುವರ್ಣಾ ರಬ್ಬರು ತೆಗೆದುಕೊಂಡಳು. ಪ್ಲಾನಿನಲ್ಲಿದ್ದ ಟೇಬಲ್ಲನ್ನು ನಾಲ್ಕು ಕಾಲೂ ಬಿಡದೆ ಉಜ್ಜಿ ತೆಗೆದಳು. ಕಿಟಕಿಯ ಕೆಳಗೆ ಕೋಣೆ ಅಗಲವಾಯಿತು. ಅಲ್ಲಿ ಅವ್ವನನ್ನು ಮಲಗಿಸಿದಳು. ಅವ್ವ ಹಿಡಿಸಿದಳು. ತಲೆಯಿಂದ ಹಿಮ್ಮಡಿಯವರೆಗೂ ಯಾವ ಗೆರೆಯೂ ತಾಗಲಿಲ್ಲ, ಕಾಲ ಕೆಳಗೆ ಒಂದು ದಿಂಬಿಗೂ ಜಾಗ ಸಿಕ್ಕಿತು. ದಿಂಬನ್ನೂ ಬರೆದಳು. ಕೌದಿಯ ತುಂಡು ತುಂಡು ಬಟ್ಟೆಗಳನ್ನು ಒಂದೊಂದಾಗಿ ಬರೆದಳು. ಮೂರು ತಿಂಗಳ ನಂತರ ಮೊದಲ ಸಲ ಅವಳ ಎದೆಯ ಭಾರ ಒಂದಿಷ್ಟು ಇಳಿದಿತ್ತು.

ಕೆಲಸಕ್ಕೆ ಹೊರಟ ಮಡಿವಾಳಪ್ಪ ಬುತ್ತಿ ಹಿಡಿದು ಬಂದು ಮಗಳ ಹೆಗಲ ಹಿಂದೆ ನಿಂತ.

"ಚಲೋ ಮಲಗ್ಯಾಳ," ಎಂದ. ಆಮೇಲೆ ಬಗ್ಗಿ ನೋಡಿ, "ಟೇಬಲ್ಲು ಎಲ್ಲಿ?" ಎಂದು ಕೇಳಿದ.

"ತಗದೆ ಅಪ್ಪಾ."

"ಯಾಕ ತಗದಿ?"

"ಅದು ಇದ್ರ ಅವ್ವಗ ಜಾಗಾ ಇಲ್ಲ."

ಮಡಿವಾಳಪ್ಪ ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಅಕಿ ಅಷ್ಟು ದಿನ ಕುಂತದ್ದು ಅದರ ಸಲುವಾಗಿ," ಎಂದ. "ಅದನ್ನ ತಗದ್ರ, ಅಕಿ ಕುಂತದ್ದು ಯಾರಿಗೂ ಗೊತ್ತಾಗೂದಿಲ್ಲ ನೋಡವಾ. ಕುಂತಾಕಿನ್ನ ಮಲಗ್ಯಾಳ ಅಂದ್ರ ಅಕಿಗೇನು ಖುಷಿ ಆಕ್ಕೈತಿ? ಇದ್ದದ್ದನ್ನ ಬರಿ." ಚಪ್ಪಲಿ ಮೆಟ್ಟಿ ಹೊರಟುಹೋದ.

ಅವ್ವನನ್ನು ಎಬ್ಬಿಸಲು ಸುವರ್ಣಾಳಿಗೆ ಮನಸ್ಸಾಗಲಿಲ್ಲ. ಕೊನೆಗೆ ರಬ್ಬರನ್ನು ಮೆಲ್ಲಗೆ ಆಡಿಸುತ್ತ ಮೊದಲು ದಿಂಬು, ಆಮೇಲೆ ಕಾಲು, ಆಮೇಲೆ ಕೌದಿ ಎಂದು ಅಳಿಸಿದಳು. ಮುಖವನ್ನು ಅಳಿಸುವಾಗ ಕಣ್ಣು ಮಂಜಾಗಿ ನಿಲ್ಲಿಸಬೇಕಾಯಿತು. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಗಟ್ಟಿ ಪೆನ್ಸಿಲ್ಲಿನ ಗೆರೆ ಎಷ್ಟು ಅಳಿಸಿದರೂ ಹಾಳೆಯಲ್ಲಿ ಸಣ್ಣ ತಗ್ಗಾಗಿ ಉಳಿಯುತ್ತದೆ. ಆ ತಗ್ಗುಗಳ ಮೇಲೆಯೇ ಟೇಬಲ್ಲನ್ನು ಮತ್ತೆ ಬರೆದಳು. ಆಮೇಲೆ ಬಾಗಿಲ ಮೂಲೆಗೆ ಬಂದು, ಕಾಲು ವೃತ್ತದ ಗೆರೆಯ ಒಳಗೆ, ಗೋಡೆಗೆ ಬೆನ್ನು ಕೊಟ್ಟು ಮೊಣಕಾಲು ಮಡಚಿ ಕೂತ ಅವ್ವನನ್ನು ಬರೆದಳು. ಅಲ್ಲಿ ಅವ್ವ ಸರಿಯಾಗಿ ಹಿಡಿಸಿದಳು.

ಭಾನುವಾರ ಸಾಮಾನೆಲ್ಲ ಹೋದ ಮೇಲೆ ಮಡಿವಾಳಪ್ಪ ತಾನೇ ಬ್ರಷ್ ಹಿಡಿದು ಆ ಗೋಡೆಗೆ ಬಣ್ಣ ಹೊಡೆದ. ಒಣಗುತ್ತಿದ್ದಂತೆ ಎಣ್ಣೆ ಮತ್ತೆ ಮೇಲಕ್ಕೆ ಬಂತು. ಎರಡನೆಯ ಕೋಟು ಹೊಡೆದರೂ ಬಂತು. ಲಿಂಗಮ್ಮನಿಗೆ ಹನುಮೇಶ ವಿಷಯ ಹೇಳಿದ್ದನೋ ಏನೋ, ಅವರು ಓಣಿಯಲ್ಲೇ ನಿಂತು, "ಇರ್ಲಿ ಬಿಡಪ್ಪ, ಸಾಕು ಎದ್ದೇಳು," ಎಂದರು.

ಸೋಮವಾರ ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿದ್ದರು. ನೋಡಿ ಹೇಳಲೆಂದು ಬಸವೇಶ್ವರನಗರದಲ್ಲಿ ಕಚೇರಿ ಇಟ್ಟುಕೊಂಡಿದ್ದ ಗಿರಿರಾಜ್ ಎಂಬ ಆರ್ಕಿಟೆಕ್ಟರನ್ನು ಪದ್ಮನಾಭ ಮೇಷ್ಟ್ರು ಕರೆಸಿದ್ದರು. ಒಳ್ಳೆಯ ಮನುಷ್ಯ, ಪ್ರತಿ ಹಾಳೆಯ ಮುಂದೆಯೂ ನಿಂತು ಮೊದಲು ಒಂದು ಒಳ್ಳೆಯ ಮಾತಾಡಿಯೇ ತಪ್ಪು ತೋರಿಸುತ್ತಿದ್ದರು. ಸುವರ್ಣಾಳ ಹಾಳೆಯ ಮುಂದೆ ಉಳಿದವಕ್ಕಿಂತ ಹೆಚ್ಚು ಹೊತ್ತು ನಿಂತರು.

"ಕೈ ತುಂಬಾ ಚೆನ್ನಾಗಿದೆ ಕಣಮ್ಮ. ಆ ಕೌದಿ ಎಲ್ಲಾ ಎಷ್ಟು ಚೆನ್ನಾಗಿ ಬರ್ದಿದೀಯ," ಎಂದರು. ಕೆಂಪು ಪೆನ್ಸಿಲ್ಲಿನ ತುದಿಯನ್ನು ಬಾಗಿಲ ಮೂಲೆಯ ಹತ್ತಿರ ತಂದರು. "ಆದ್ರೆ ಇದು ಫಸ್ಟ್ ಇಯರ್ ಮಿಸ್ಟೇಕ್ ಅಲ್ವಾ? ಬಾಗಿಲು ತಿರುಗೋ ಜಾಗದಲ್ಲಿ ಇವ್ರನ್ನ ಕೂರಿಸಿಬಿಟ್ಟಿದೀಯ. ಹೀಗೆ ಕೂತಿದ್ರೆ ಬಾಗಿಲು ತೆಗೆಯೋದು ಹೇಗೆ?"

ಪದ್ಮನಾಭ ಮೇಷ್ಟ್ರು ಆಗಲೇ ಕನ್ನಡಕ ತೆಗೆದು, ಟೇಬಲ್ಲಿನ ಗೆರೆಗಳ ಕೆಳಗೆ ಮಾಸಿದ್ದ ಇನ್ನೊಂದು ಗುರುತನ್ನು ಹತ್ತಿರದಿಂದ ನೋಡುತ್ತಿದ್ದರು. ಸುವರ್ಣಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾಳೆಯ ಕಡೆ ನೋಡಿದಳು.

"ಯಾರರ ಬಾಗಲಾ ಬಡದ್ರ, ಅವ್ವ ಎದ್ದು ನಿಲ್ತಾಳ್ರಿ ಸಾರ್," ಎಂದಳು.